ಎಣಿಸದ ಉಸಿರು

ವಾರ್ಡಿನಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುವುದು. ಮದುವೆಗೆ ಮುಂಚೆ ನರ್ಸಾಗಿ ಸೇರಿದವಳು, ಈಗ ಮಗಳೇ ಕಾಲೇಜಿಗೆ ಹೋಗುತ್ತಾಳೆ. ಮೆಟ್ಟಿಲು ಕಂಡರೆ ಕಾಲು ಮುನಿಸಿಕೊಳ್ಳುತ್ತದೆ. ಕಾಲಿನ ಮಾತು ಹಾಗಿರಲಿ, ಹೋದ ವಾರ ಕಿಟಕಿ ಪಕ್ಕದ ಹಾಸಿಗೆಯ ಅಜ್ಜ ತೀರಿಕೊಂಡಾಗ ಅವಳಿಗೆ ಮೊದಲು ಹೊಳೆದದ್ದು, ಸದ್ಯ, ಒಂದು ಹಾಸಿಗೆ ಖಾಲಿಯಾಯಿತು ಎಂದು. ದಿನಾ "ಊಟ ಆಯ್ತಾ ಮಗಳೇ" ಎಂದು ಕೇಳುತ್ತಿದ್ದ ಅಜ್ಜ! ತನ್ನ ಮನಸ್ಸಿಗೆ ತಾನೇ ಹೆದರಿದಳು. ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ.

ಬೆಳಿಗ್ಗೆ ಗಂಡನಿಗೆ ಹೇಳಿಯೇ ಬಂದಿದ್ದಳು. "ಇವತ್ತು ಡ್ಯೂಟಿ ಮುಗಿದ್ಮೇಲೆ ಮೇಟ್ರನ್ ಹತ್ರ ಹೋಗಿ ಕೆಲಸ ಬಿಡ್ತೀನಿ ಅಂದ್ಬಿಡ್ತೀನಿ ಕಣ್ರೀ. ನನ್ನಲ್ಲಿ ಏನೂ ಉಳಿದಿಲ್ಲ."

ಡ್ಯೂಟಿ ಮುಗಿಯುತ್ತಲೇ ಮೇಟ್ರನ್ ಎಲ್ಲರನ್ನೂ ಮೀಟಿಂಗ್ ರೂಮಿಗೆ ಅಟ್ಟಿದರು. ದಣಿದ ನರ್ಸುಗಳಿಗೆ ಧ್ಯಾನದ ತರಗತಿ ಇದೆಯಂತೆ. ವಾರ್ಡಿಗೆ ಇನ್ನೊಬ್ಬ ನರ್ಸನ್ನು ಕೊಡಿ ಎಂದು ಗೋಗರೆದವರಿಗೆ ಮೇಲಿನವರು ಕಳಿಸಿದ್ದು ಚಾಪೆಗಳನ್ನು.

"ನನ್ನನ್ನ ಮಲಗಿಸಿದ್ರೆ ನಾಳೇನೇ ಏಳೋದು," ಅಂದಳು ಪಕ್ಕದ ಚಾಪೆಯ ನರ್ಸ್. ಬಾಯಿಬಡುಕಿ ಎಂದೇ ಅವಳ ಅಡ್ಡಹೆಸರು.

"ಕಣ್ಣು ಮುಚ್ಚಿ," ಅಂದರು ಕಲಿಸಲು ಬಂದವರು. "ನಿಮ್ಮ ಉಸಿರನ್ನ ಸುಮ್ನೆ ಗಮನಿಸಿ. ಎಣಿಸ್ಬೇಡಿ."

ಅಲ್ಲೇ ಎಡವಟ್ಟಾಯಿತು. ದೊಡ್ಡಕ್ಕನ ಬೆರಳುಗಳು ತಾವಾಗಿಯೇ ಅವಳದೇ ಇನ್ನೊಂದು ಕೈಯ ಮಣಿಕಟ್ಟನ್ನು ಹಿಡಿದವು, ಅರೆಗಣ್ಣು ಗೋಡೆ ಗಡಿಯಾರಕ್ಕೆ ಹೋಯಿತು. ನರ್ಸುಗಳ ಹಳೆಯ ಉಪಾಯವಿದು. ನಾಡಿ ನೋಡುವವರಂತೆ ಕೈ ಹಿಡಿದು, ರೋಗಿಗೆ ಗೊತ್ತಾಗದ ಹಾಗೆ ಎದೆಯ ಏರಿಳಿತ ಎಣಿಸುವುದು. ಉಸಿರು ನೋಡುತ್ತೇನೆ ಎಂದು ಹೇಳಿದರೆ ಮುಗಿಯಿತು, ಯಾರೂ ಸಹಜವಾಗಿ ಉಸಿರಾಡುವುದಿಲ್ಲ. ಆದರೆ ತನಗೇ ಗೊತ್ತಾಗದ ಹಾಗೆ ತನ್ನ ಉಸಿರು ನೋಡುವುದು ಹೇಗೆ? ಎಣಿಸುತ್ತ ಎಣಿಸುತ್ತ ಲೆಕ್ಕ ತಪ್ಪಿ, ಗೋಡೆಗೊರಗಿ ನಿದ್ದೆಹೋದಳು.

ಎಚ್ಚರವಾದಾಗ ರೂಮು ಖಾಲಿ. ಬಾಯಿಬಡುಕಿ ಒಬ್ಬಳೇ ಪಕ್ಕದಲ್ಲಿ ಕೂತು, ಅವಳ ಮಣಿಕಟ್ಟು ಹಿಡಿದುಕೊಂಡಿದ್ದಳು. ಬಾಯಿ ಮಾತ್ರ ಮುಚ್ಚಿತ್ತು.

"ಎಷ್ಟಿದೆ?" ಎಂದು ಕೇಳಿದಳು ದೊಡ್ಡಕ್ಕ.

"ಏನು ಎಷ್ಟು?"

"ಉಸಿರು. ನನ್ನ ಹತ್ರಾನೇ ನಾಟಕ ಬೇಡ ಕಣೇ."

"ಎಣಿಸ್ಲಿಲ್ಲ ದೊಡ್ಡಕ್ಕ. ನಿದ್ದೇಲಿ ನರಳ್ತಿದ್ರಿ. ಸುಮ್ನೆ ಹಿಡ್ಕೊಂಡೆ."

ಎಷ್ಟು ಮಂದಿಯ ಕೈ ಹಿಡಿದಿದ್ದಳೋ ದೊಡ್ಡಕ್ಕ! ತನ್ನ ಕೈಯನ್ನು ಯಾರಾದರೂ ಹೀಗೆ ಸುಮ್ಮನೆ ಹಿಡಿದದ್ದು ಅವಳಿಗೆ ನೆನಪಾಗಲಿಲ್ಲ. ನೆನಪಾದದ್ದು ಕಿಟಕಿ ಪಕ್ಕದ ಅಜ್ಜ. ವಾರದಿಂದ ಬಾರದ ಅಳು ಈಗ ಬಂತು. ಬಾಯಿಬಡುಕಿ ಕೈ ಬಿಡಲಿಲ್ಲ.

ಮುಖ ತೊಳೆದುಕೊಂಡು ದೊಡ್ಡಕ್ಕ ಮೇಟ್ರನ್ ಕೋಣೆಗೆ ಹೋದಳು. ದಣಿವೇನೂ ಇಳಿದಿರಲಿಲ್ಲ.

"ಮೇಡಂ, ನಂಗೆ ರಜಾ ಬೇಕು," ಅಂದಳು. "ವಾಪಸ್ ಬರ್ತೀನಿ. ಅಷ್ಟರಲ್ಲಿ ವಾರ್ಡಿಗೆ ಇನ್ನೊಬ್ರನ್ನ ಹಾಕ್ಸಿ. ಚಾಪೆ ಕಳ್ಸಿದ್ದು ಸಾಕು."