ಮೋರಟಗಿ ದಾರಿಯಲ್ಲಿ ವಲ್ಲಿ ಬೀಸಿದವರು

ದೆವ್ವ, ಪವಾಡ ಎಂಬ ಮಾತು ಶುರುವಾದರೆ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋಗುವವನು ನಾನು. ಸಿಂದಗಿ ಭಾಗದಲ್ಲಿ ಆ್ಯಂಬುಲೆನ್ಸಿನೊಳಗೆ ರೋಗಿಯ ಪಕ್ಕ ಕೂರುವ ಕೆಲಸ ನನ್ನದು. ಸಾವನ್ನು ಹತ್ತಿರದಿಂದ ಕಂಡಿದ್ದೇನೆ, ಅದರಾಚೆ ಏನೂ ಇಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ಹೊಲದ ಮನೆಗಳಿಗೆ ವಿಳಾಸ ಇರುವುದಿಲ್ಲ. ಹಾಗಾಗಿ ನಮಗೆ ಫೋನ್ ಮಾಡಿದವರು ಒಬ್ಬರನ್ನು ಡಾಂಬರು ರಸ್ತೆಗೆ ಕಳಿಸುತ್ತಾರೆ. ಅವರು ಹೆಗಲ ಮೇಲಿನ ವಲ್ಲಿ, ಅಂದರೆ ಟವೆಲ್ಲು, ಬೀಸುತ್ತ ನಿಲ್ಲುತ್ತಾರೆ, ನಾವು ನೋಡಿ ಗಾಡಿ ತಿರುಗಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಮೋರಟಗಿ ಕಡೆಯಿಂದ ಹೆಣ್ಣುಮಗಳೊಬ್ಬಳ ಕರೆ ಬಂತು. ತೊಗರಿ ಹೊಲದಲ್ಲಿ ಆಕೆಗೇ ಹಾವು ಕಚ್ಚಿತ್ತು. ಕಾಲಿಗೆ ಹಗ್ಗ ಬಿಗಿಯಬೇಡಿ, ನಡೆಯಬೇಡಿ, ಅಲುಗಾಡದೆ ಮಲಗಿರಿ ಎಂದೆ. ದಾರಿ ಕೇಳುವಷ್ಟರಲ್ಲಿ ಫೋನ್ ಬಂದ್ ಆಯಿತು, ಮತ್ತೆ ಹತ್ತಲೇ ಇಲ್ಲ.

ಊರು ದಾಟಿದ ಮೇಲೆ ಎಡಕ್ಕೂ ಬಲಕ್ಕೂ ಹೊಲದ ದಾರಿಗಳು. ಯಾವುದೆಂದು ತಿಳಿಯದೆ ಎರಡೂ ಕಡೆ ಕಣ್ಣಾಡಿಸುತ್ತಿದ್ದೆ. ಆಗ ಜಾಲಿ ಗಿಡದ ಹತ್ತಿರ ಬಿಳಿ ಅಂಗಿಯ ಮುದುಕರೊಬ್ಬರು ವಲ್ಲಿ ಬೀಸುವುದು ಕಂಡಿತು. ಕೈ ಎತ್ತಿ ಎಡಗಡೆ ತೋರಿಸಿದರು. ಎಡಕ್ಕೆ ಎಂದೆ, ಡ್ರೈವರ್ ತಿರುಗಿಸಿದ.

ಆ ದಾರಿಯ ಕೊನೆಗೆ, ಹೊಲದ ಮನೆಯ ಕಟ್ಟೆಯ ಮೇಲೆ ಆಕೆ ನಾನು ಹೇಳಿದಂತೆಯೇ ಮಲಗಿದ್ದಳು. ರೆಪ್ಪೆಗಳು ಜೋತುಬಿದ್ದಿದ್ದವು, ಉಸಿರು ಸಣ್ಣದಾಗಿತ್ತು. ಹಾವು ಕಚ್ಚಿದವರನ್ನು ಬೈಕಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸುವ ಶೂರರು ನಮ್ಮಲ್ಲಿ ಹತ್ತು ಮಂದಿ ಸಿಗುತ್ತಾರೆ. ಆಕೆಗೆ ಅವರೂ ಇರಲಿಲ್ಲ. ಆಕ್ಸಿಜನ್ ಹಚ್ಚುತ್ತ, ಹೋಗುವಾಗ ಆ ಮುದುಕರನ್ನು ಹತ್ತಿಸಿಕೊಳ್ಳೋಣ ಎಂದೆ. ಡ್ರೈವರ್ ನನ್ನ ಮುಖ ನೋಡಿದ.

"ಯಾವ ಮುದುಕರ್ರಿ ಸರ? ನೀವ ಎಡಕ್ಕ ಅಂದ್ರಿ, ನಾ ಹೊಳ್ಳಿಸಿದೆ. ಅಲ್ಲಿ ಯಾರೂ ಇದ್ದಿಲ್ಲ."

ಇನ್ನರ್ಧ ತಾಸು ತಡವಾಗಿದ್ದರೆ ಆಕೆ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಮೂರು ದಿನದ ಮೇಲೆ ನೋಡಲು ಹೋದೆ. ಮಂಚದ ಪಕ್ಕ ಯಾರೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಆ ಹೊಲದಲ್ಲಿ ಒಬ್ಬಳೇ ದುಡಿದು ಬದುಕಿದವಳು. ರಸ್ತೆಗೆ ಯಾರನ್ನು ಕಳಿಸಿದ್ದಿರಿ ಎಂದು ಕೇಳಿದೆ.

"ನನಗ್ಯಾರ ಅದಾರ್ರಿ ಕಳಸಾಕ?" ಎಂದಳು.

ನಾನು ಕಂಡದ್ದನ್ನು ಹೇಳಿದೆ. ಅಂಥವರು ಯಾರೂ ಆಕೆಗೆ ಗೊತ್ತಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಯಾರರ ಇರಲ್ರಿ. ನನ್ನ ಸಲುವಾಗಿ ಅಂಥಾ ಬಿಸಲಾಗ ಒಬ್ರು ನಿಂತಿದ್ರಲ್ಲ."

ಅವರು ಯಾರು, ಅಥವಾ ನನ್ನ ಕಣ್ಣೇ ಮೋಸ ಮಾಡಿತೇ, ನನಗೆ ಇಂದಿಗೂ ತಿಳಿದಿಲ್ಲ. ಡ್ರೈವರ್‌ಗೆ ಅಲ್ಲಿ ಯಾರೂ ಕಂಡಿರಲಿಲ್ಲ ಎಂಬುದನ್ನು ಮಾತ್ರ ಆಕೆಗೆ ಹೇಳಲು ನನಗೆ ಬಾಯಿ ಬರಲಿಲ್ಲ.