ಮದುಮಗಳ ಮುಖದ ಉರಿ

ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದೆ, ಮಹಡಿಯ ಮೇಲೆ ನನ್ನ ಬ್ಯೂಟಿ ಪಾರ್ಲರ್. ಹುಬ್ಬು ತೀಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಜಂಬ ಕೊಚ್ಚಿಕೊಳ್ಳುವವಳು ನಾನು. ಅವತ್ತು ಮಾತ್ರ ಆ ಜಂಬವೆಲ್ಲ ಇಳಿದುಹೋಯಿತು.

ಬಂದವಳು ಯಗಟಿ ಕಡೆಯ ಹುಡುಗಿ, ನಾಡಿದ್ದು ಅವಳ ಮದುವೆ. ಅತ್ತೆಯಾಗುವವರು ನಿಶ್ಚಿತಾರ್ಥದಲ್ಲೇ "ಹುಡ್ಗಿ ಲಕ್ಷಣವಾಗವ್ಳೆ, ಬಣ್ಣ ಒಂಚೂರು ಕಮ್ಮಿ" ಅಂದುಬಿಟ್ಟಿದ್ದರಂತೆ. ಅದಕ್ಕೇ ಹುಡುಗಿಯ ಚಿಕ್ಕಮ್ಮ ಅವಳನ್ನು ಕರೆತಂದಿದ್ದರು. ಹಿಂದಿನ ದಿನ ಫೋನಿನಲ್ಲಿ ಚಿಕ್ಕಮ್ಮನಿಗೆ ನಾನೇ ಹೇಳಿದ್ದೆ: "ಮುಖದಲ್ಲಿ ಅರಿಶಿನ ಉಳಿಸ್ಕೊಂಡು ಬರ್ಬೇಡಿ ಕಣ್ರೀ, ಬ್ಲೀಚ್ ಹಿಡಿಯಲ್ಲ."

"ಮುಖಕ್ಕೆ ಏನಾದ್ರೂ ಹಚ್ಚಿದೀಯೇನೇ?" ಎಂದು ಕೇಳಿದೆ.

"ಏನೂ ಇಲ್ಲ ಅಕ್ಕ."

ಮೊದಲು ಕಿವಿಯ ಹಿಂದೆ ಒಂದಿಷ್ಟು ಬ್ಲೀಚ್ ಹಚ್ಚಿ, ಕಾದು ನೋಡಬೇಕು. ಗೊತ್ತಿಲ್ಲದ್ದೇನಲ್ಲ. ಮದುವೆ ಸೀಸನ್ನು, ಇನ್ನೂ ಮೂವರು ಕಾಯುತ್ತಿದ್ದರು. ಬಿಟ್ಟುಬಿಟ್ಟೆ. ಮುಖಕ್ಕೆಲ್ಲ ಬ್ಲೀಚ್ ಬಳಿದು, ಪಕ್ಕದ ಕುರ್ಚಿಯವರ ಹುಬ್ಬಿಗೆ ದಾರ ಹಿಡಿದೆ. "ಉರೀತಿದೆಯಾ?" ಅಂದಾಗ ಹುಡುಗಿ ಇಲ್ಲವೆಂದು ತಲೆಯಾಡಿಸಿದಳು.

ಹತ್ತು ನಿಮಿಷಕ್ಕೆ ಒರೆಸಿದೆ. ಅಯ್ಯೋ ದೇವರೇ! ಕೆನ್ನೆಯೆಲ್ಲ ಕೆಂಡ. ಗಲ್ಲದ ಹತ್ತಿರ ಹತ್ತಿಯ ಜೊತೆ ಚರ್ಮವೂ ಎದ್ದು ಬಂತು. ನೋಡನೋಡುತ್ತಲೇ ಕಣ್ಣಿನ ಸುತ್ತ ಊದಿಕೊಂಡಿತು. ಕಲೆ ಉಳಿದರೆ? ಮದುವೆ ಮುರಿದುಬಿದ್ದರೆ? ಇವರ ಕಡೆಯವರೆಲ್ಲ ಮೆಟ್ಟಿಲು ಹತ್ತಿ ಬಂದರೆ ನನ್ನ ಗತಿಯೇನು?

ತಣ್ಣೀರು ಸುರಿದೆ, ಸುರಿಯುತ್ತಲೇ ಇದ್ದೆ. ಚಿಕ್ಕಮ್ಮ ಬಾಯಿ ಬಾಯಿ ಬಡಿದುಕೊಂಡರು. "ಏನ್ ಮಾಡ್ಬಿಟ್ರಿ ತಾಯಿ! ನೀವಂದ್ರಿ ಅಂತ ಬೆಳಿಗ್ಗೆ ಅಷ್ಟೂ ಅರಿಶಿನಾನ ಸೀಗೆಪುಡೀಲಿ ತಿಕ್ಕಿ ತಿಕ್ಕಿ ತೆಗ್ದಿದೀನಿ!"

ಹಿಂದಿನ ದಿನ ಅರಿಶಿನದ ಶಾಸ್ತ್ರ ನಡೆದಿತ್ತು. ಮುತ್ತೈದೆಯರು ಮೆತ್ತಿದ್ದು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಅರಿಶಿನ, ಸೀಗೆಪುಡಿ ಇವೆಲ್ಲ ನಮ್ಮ ಹೆಂಗಸರಿಗೆ ಮುಖಕ್ಕೆ ಹಚ್ಚಿದ ಲೆಕ್ಕಕ್ಕೇ ಬರುವುದಿಲ್ಲ. ನಾನೂ ಹಾಗೆಯೇ ಮದುಮಗಳಾದವಳು, ನನಗೆ ಹೊಳೆಯಬೇಕಿತ್ತು. ತಿಕ್ಕಿ ತಿಕ್ಕಿ ಹಸಿಯಾಗಿದ್ದ ಚರ್ಮಕ್ಕೆ ಬ್ಲೀಚ್ ಬಳಿದಿದ್ದೆ, ದಡ್ಡ ಮುಂಡೇದು ನಾನು.

ಆಟೋ ಹಿಡಿದು ಚರ್ಮದ ಡಾಕ್ಟರ ಹತ್ತಿರ ಓಡಿದೆವು. ಅವರು ನನಗೆ ಚೆನ್ನಾಗಿ ಉಗಿದರು. ತಲೆ ತಗ್ಗಿಸಿ ಉಗಿಸಿಕೊಂಡೆ. "ವಾಸಿಯಾಗೋಕೆ ವಾರ ಬೇಕು. ಕಲೆ ಉಳಿಯಲಾರದು. ಅಲ್ಲೀವರೆಗೆ ಮೇಕಪ್ ಮುಟ್ಟಿಸಬೇಡಿ" ಎಂದರು. ಚಿಕ್ಕಮ್ಮ ಹುಡುಗಿಯ ಅಪ್ಪನಿಗೆ ಫೋನ್ ಮಾಡಲು ಬಾಗಿಲಾಚೆ ಹೋದರು. ನಾನು ಬೆಂಚಿನ ಮೇಲೆ ಅವಳ ಪಕ್ಕ ಕುಳಿತೆ.

"ಅಷ್ಟು ಉರೀತಿದ್ರೂ ಯಾಕೆ ಹೇಳ್ಲಿಲ್ಲ ಕಣೇ?"

ಊದಿದ ಕಣ್ಣನ್ನು ಕಷ್ಟಪಟ್ಟು ತೆರೆದಳು. ಚಿಕ್ಕಮ್ಮನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದಳು.

"ಉರಿದ್ರೆ ಬಣ್ಣ ಬತ್ತದೆ ಅನ್ಕೊಂಡೆ. ಅಕ್ಕ, ಇನ್ನೊಂದೈದು ನಿಮಿಷ ಬಿಟ್ಟಿದ್ರೆ ಬೆಳ್ಳಗಾಗ್ತಿದ್ನಾ?"