ವೈನಿಯ ಹೆಸರಿನಲ್ಲಿ ಅವ್ವನಿಗೆ ಬರೆದ ಪತ್ರ

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಆದರೆ ನಾನೇ ಬರೆದ ಪತ್ರದ ಮೇಲೆ ನಾನೇ ಹೊಟ್ಟೆಕಿಚ್ಚು ಪಟ್ಟದ್ದು ಅದೊಂದೇ ಸಲ.

ನಮ್ಮ ಭಾಗದ ನಾಯಕರನ್ನು ಜನ ಅಣ್ಣಾರು ಎನ್ನುತ್ತಾರೆ. ಹಾಗಾಗಿ ಅವರ ಹೆಂಡತಿ ಜಮಖಂಡಿ, ಮುಧೋಳ, ಬೀಳಗಿ ಕಡೆಯವರಿಗೆಲ್ಲ ವೈನಿ, ಅಂದರೆ ಅತ್ತಿಗೆ. ಚುನಾವಣೆಯಲ್ಲಿ ವೈನಿ ಓಣಿ ಓಣಿ ತಿರುಗಿದರು. ಮನೆಗೆ ಬಂದ ಮುತ್ತೈದೆಯನ್ನು ಹಾಗೇ ಕಳಿಸುವ ರೂಢಿ ನಮ್ಮಲ್ಲಿಲ್ಲ. ಹೆಂಗಸರು ಅವರ ಸೆರಗಿಗೆ ಅಕ್ಕಿ, ಕೊಬ್ಬರಿ, ರವಿಕೆಯ ಖಣ ಹಾಕಿ ಉಡಿ ತುಂಬಿದರು. ಅಣ್ಣಾರು ಗೆದ್ದ ಮೇಲೆ, ಉಡಿ ತುಂಬಿದವರಿಗೆಲ್ಲ ವೈನಿಯ ಕೈಬರಹದ ಧನ್ಯವಾದ ಪತ್ರ ಹೋಗಬೇಕೆಂದಾಯಿತು. ಕೈಬರಹವೆಂದರೆ ನನ್ನ ಕೈಬರಹ. ರಬಕವಿಯಿಂದ ದಿನಾ ಬಸ್ಸಿನಲ್ಲಿ ಜಮಖಂಡಿಗೆ ಹೋಗಿ, ಅವರ ಮನೆಯ ಹಿಂದಿನ ಖೋಲಿಯಲ್ಲಿ ಕುಳಿತು ಬರೆಯುತ್ತಿದ್ದೆ. ಯಾರಿಗೂ ಹೇಳಕೂಡದೆಂಬುದು ಮೊದಲೇ ಆದ ಮಾತು. ಜಮಖಂಡಿಯಲ್ಲಿ ನನಗೆ ಯಾವುದೋ ಆಫೀಸಿನ ಕೆಲಸವೆಂದಷ್ಟೇ ತವರಿನವರಿಗೆ ಗೊತ್ತಿತ್ತು.

ವೈನಿ ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಮನಸಾರೆ ಬೈದು ಹಗುರಾಗುತ್ತಿದ್ದೆ. ಮಧ್ಯಾಹ್ನ ಚಹಾ ತಾವೇ ತಂದುಕೊಡುತ್ತಿದ್ದರು. ಪಡಸಾಲೆಗೆ ಬಂದ ಹೆಂಗಸರು, ಪತ್ರ ಓದಿ ಕಣ್ಣಲ್ಲಿ ನೀರು ಬಂತು, ನಿಮ್ಮದೆಂಥ ದೊಡ್ಡ ಮನಸ್ಸು ಎಂದು ಹೊಗಳಿದರೆ, ಸೆರಗು ಹೊದ್ದು ನಕ್ಕು ಕೈಮುಗಿಯುತ್ತಿದ್ದರು. ಒಳಗೆ ಕುಳಿತವಳಿಗೆ ಮೈಯೆಲ್ಲ ಉರಿ.

ಒಂದು ದಿನ ಬಂದ ಹೆಸರು ನನ್ನ ಅವ್ವನದು. ಗಲಗಲಿಯ ಈ ಮುದುಕಿ ಟ್ರಂಕಿನ ತಳದಿಂದ ಗುಳೇದಗುಡ್ಡದ ಖಣ ತೆಗೆದು ಉಡಿ ತುಂಬಿದಳು, ಸ್ವಲ್ಪ ಮನಸ್ಸಿಟ್ಟು ಬರೆಯಿರಿ ಎಂದರು ವೈನಿ. ಆ ಖಣ ನನಗೆ ಗೊತ್ತಿಲ್ಲವೇ? ತವರಿಗೆ ಹೋದಾಗಲೆಲ್ಲ ಅವ್ವ ನನ್ನ ಉಡಿಗೆ ಹಾಕುವುದು ಸಂತೆಯ ಖಣ. ಟ್ರಂಕಿನದನ್ನು ಕೇಳಿದರೆ, ಇರಲಿ ಬಿಡು, ಯಾರಾದರೂ ದೊಡ್ಡವರು ಬಂದಾಗ ಬೇಕಾಗುತ್ತದೆ ಎನ್ನುತ್ತಿದ್ದಳು. ದೊಡ್ಡವರು ಬಂದು ಒಯ್ದರು, ತಗೋ.

ಆಕೆ ನನ್ನ ತಾಯಿ ಎಂದು ನಾನು ವೈನಿಗೆ ಹೇಳಲಿಲ್ಲ. ಸಿಟ್ಟಿನಲ್ಲೇ ಬರೆಯತೊಡಗಿದೆ, ಆದರೆ ಬರೆದಂತೆ ಸಿಟ್ಟು ಉಳಿಯಲಿಲ್ಲ. ‘ಉಡಿ ತುಂಬುವಾಗ ಒಂದು ಕಾಳೂ ಚೆಲ್ಲಬಾರದೆಂದು ನನ್ನ ಸೆರಗನ್ನು ನೀವೇ ಬಿಗಿಯಾಗಿ ಹಿಡಿದಿರಿ. ತವರಿನಿಂದ ಹೊರಟಾಗ ಆಗುವಂತೆ ನನಗೆ ಹೊಸ್ತಿಲು ದಾಟಲು ಮನಸ್ಸಾಗಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ.’ ವೈನಿ ಅದರ ಕೆಳಗೆ ಸಹಿ ಮಾಡಿದರು.

ಮುಂದೆ ತವರಿಗೆ ಹೋದಾಗ ಅವ್ವ ಆ ಪತ್ರವನ್ನು ದೇವರ ಜಗಲಿಯಿಂದ ತೆಗೆದು ನನ್ನ ಕೈಗಿಟ್ಟಳು. ಅವಳಿಗೆ ಓದು ಬಾರದು. ನನ್ನ ಅಣ್ಣನ ಮಗಳು ಆಗಲೇ ಸಾಕಷ್ಟು ಸಲ ಓದಿ ಹೇಳಿದ್ದಳು. ಆ ಹುಡುಗಿಗೆ ನನ್ನ ಅಕ್ಷರದ ಗುರುತಿಲ್ಲ, ಈಗಿನ ಕಾಲದಲ್ಲಿ ಯಾರು ಯಾರಿಗೆ ಕೈಯಲ್ಲಿ ಬರೆಯುತ್ತಾರೆ? ನಾನೂ ಓದಿದೆ. ಅವ್ವ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

“ನೋಡು, ಎಂಥಾ ಕರುಳ ಐತಿ ಆಕೀದು. ನಿನ್ನ ಉಡಿ ವರ್ಷಾ ತುಂಬ್ತೇನಿ. ಒಂದ ದಿನಾರ ಹಿಂಗ ಅಂದೀಯೇನ?”

ಅವ್ವ ಅಷ್ಟಕ್ಕೇ ಬಿಡಲಿಲ್ಲ. ಅಣ್ಣನ ಮಗಳನ್ನು ಕೂರಿಸಿಕೊಂಡು ವೈನಿಗೆ ಉತ್ತರ ಬರೆಸಿದಳು. ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಬೇಕಿತ್ತು ಎಂದು ನನ್ನೆದುರಿಗೇ ಹೇಳಿ ಬರೆಸಿದಳು. ನಾನು ಎದ್ದು ಹಿತ್ತಲಿಗೆ ಹೋದೆ.

ಆ ಉತ್ತರ ಜಮಖಂಡಿ ತಲುಪಿತು. ವೈನಿ ಓದಿ, ಪಾಪ, ಗದ್ಗದಿತರಾಗಿ, ಇದಕ್ಕೂ ಚೆಂದಾಗಿ ಬರೆಯಿರಿ ಎಂದು ನನ್ನ ಮುಂದಿಟ್ಟರು. ಹೊಟ್ಟೆಯೊಳಗಿನ ಕಿಚ್ಚು ಆಗ ಬಾಯಿಗೆ ಬಂತು.

“ಇದೊಂದ ನಿಮ್ಮ ಕೈಲೇ ಬರೀರಿ, ವೈನಿ. ಮಗಳ ಅಂದಾರ ನಿಮಗ.”

ಬರೆದರು. ಮಧ್ಯಾಹ್ನವೆಲ್ಲ ಕುಳಿತು, ಹರಿದು, ಮತ್ತೆ ಬರೆದರು. ತಾವು ತೋರಿದ ಪ್ರೀತಿಗೆ ಚಿರಋಣಿ, ತಮ್ಮ ಆಶೀರ್ವಾದ ಸದಾ ಹೀಗೇ ಇರಲಿ ಎಂದಿತ್ತು. ಅವರ ಮನಸ್ಸಿನಲ್ಲಿ ಇನ್ನೂ ಎಷ್ಟೋ ಇತ್ತು, ನನಗೆ ಗೊತ್ತು. ಆದರೂ ಅಂಚೆಗೆ ಹಾಕುವಾಗ ನನಗೆ ಖುಷಿಯಾಗಿತ್ತು. ಈಗ ತಿಳಿಯಲಿ ಮುದುಕಿಗೆ!

ಆ ಪತ್ರ ಗಲಗಲಿಗೆ ಮುಟ್ಟಿದ ವಾರವೇ ಹೋದೆ. ಓದಲು ಅವ್ವ ನನಗೇ ಕೊಟ್ಟಳು. ಮೋಸ ಮಾಡಲಿಲ್ಲ, ನನ್ನ ಪತ್ರವನ್ನು ಓದಿದಷ್ಟೇ ಪ್ರೀತಿಯಿಂದ, ನಿಲ್ಲಿಸಿ ನಿಲ್ಲಿಸಿ ಓದಿದೆ. ಅವ್ವ ಹಾಳೆಯನ್ನು ಇಸಿದುಕೊಂಡು ಹಿಂದೆ ಮುಂದೆ ತಿರುವಿ ನೋಡಿ, ಇಷ್ಟೇ ಏನು ಎಂದು ಕೇಳಿದಳು. ಇಷ್ಟೇ ಎಂದೆ.

“ಇದು ಆಕಿ ಬರದದ್ದಲ್ಲ ತಗಿ,” ಎಂದಳು ಅವ್ವ. “ಪಗಾರಕ್ಕ ಇಟ್ಕೊಂಡಾಕಿ ಯಾವಳೋ ಬರದಾಳ. ಅಂಥಾಕಿಗೆ ನನ್ನ ಮ್ಯಾಲೆ ಕರುಳ ಎಲ್ಲಿಂದ ಬರಬೇಕು?”